ಖಾಲಿ ಬಂದ ಪಟ್ಟಿ

ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡೋಕೆ ಹೋಗೋರು ಬಹಳ. ಕೆಳಗೆ ಭೋಗನಂದೀಶ್ವರನ ಗುಡಿಯಲ್ಲಿ ಶಾಸನದ ಮುಂದೆ ನಿಲ್ಲೋರು ಕಡಿಮೆ. ಅಂಥವರಿಗಾಗಿ ಒಂದು ಶಾಸನಪಟ್ಟಿ ಮಾಡೋಣ ಅಂತ ಕೂತೆ. ಹಳೇ ಪುಸ್ತಕದಿಂದ ‘ಜಿಲ್ಲೆ/ತಾಲ್ಲೂಕು/ಸಂಖ್ಯೆ/ಊರು’ ಅಂತ ಸಾಲು ಸಾಲಾಗಿ ಟೈಪ್ ಮಾಡಿ, ‘ಚಿಕ್ಕಬಳ್ಳಾಪುರ’ ಎಂದು ಶುರುವಾಗುವುದನ್ನೆಲ್ಲ ಕೊಡು ಅಂತ ಪೈಥಾನ್‌ಗೆ ಹೇಳಿದೆ. ಉತ್ತರ: ಖಾಲಿ. ನಂದಿಯೇ ಮಾಯ!

ತಪ್ಪು ನನ್ನದೇ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 10ನೇ ಸಂಪುಟ ಬಂದದ್ದು 1905ರಲ್ಲಿ. ಆಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಲ್ಲವೂ ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆದರೆ ರೈಸ್ ಶಾಸನಗಳಿಗೆ ಸಂಖ್ಯೆ ಕೊಟ್ಟದ್ದು ಜಿಲ್ಲೆವಾರು ಅಲ್ಲ, ತಾಲ್ಲೂಕುವಾರು. ಹೀಗಾಗಿ ಜಿಲ್ಲೆ ಒಡೆದರೂ ಕಲ್ಲಿನ ಗುರುತು ಕೆಡಲಿಲ್ಲ.

ಸರಿ, ಜಿಲ್ಲೆ ಕಿತ್ತುಹಾಕಿ, ತಾಲ್ಲೂಕುಗಳ ಹೆಸರನ್ನೇ ಸ್ಟಾರ್ಟ್ಸ್‌ವಿತ್‌ಗೆ ಕೊಟ್ಟೆ. ಲಿಸ್ಟ್ ಕೊಟ್ಟರೆ ಎರರ್; ಟಪಲ್ ಕೊಟ್ಟರೆ ಯಾವುದಾದರೂ ಒಂದಕ್ಕೆ ಹೊಂದಿದರೂ ಸಾಕು. ಬರೀ ‘ಚಿ’ ಅಂದರೆ ಚಿಂತಾಮಣಿಯೂ ಬರುತ್ತೆ. ‘ಚಿಂತಾಮಣಿ/1’ ಅಂದರೆ 10, 11 ಕೂಡ ಬರುತ್ತವೆ. ಕೊನೆಗೊಂದು ಓರೆಗೆರೆ ಬೇಕು.

ನಿಮ್ಮೂರಿನ ಶಾಸನ ಹುಡುಕುವಾಗ ಇವತ್ತಿನ ಜಿಲ್ಲೆಯಲ್ಲಿ ಸಿಗಲಿಲ್ಲ ಅಂತ ‘ನಮ್ಮೂರಿಗೆ ಚರಿತ್ರೆಯೇ ಇಲ್ಲ’ ಅಂದ್ಕೋಬೇಡಿ. ಹಳೇ ತಾಲ್ಲೂಕು ಹಿಡಿದು ಇನ್ನೊಮ್ಮೆ ಹುಡುಕಿ.