ಗಂಜಿ ಕುಡಿದರೆ ನರಕವೇ? ಟಿವಿಯ ಸ್ವರ್ಗ–ನರಕದ ಆಟಕ್ಕೊಂದು ಇತಿಹಾಸ

ಕಮಲಾಪುರದ ರಸ್ತೆ ಬದಿಯಲ್ಲಿ ಕೆಂಪು ಬಾಳೆಹಣ್ಣು ಮಾರುವ ಆಯಿಯೊಬ್ಬರ ಹತ್ತಿರ ಹಣ್ಣು ಕೊಳ್ಳುತ್ತ ನಿಂತಿದ್ದೆವು. ಪಕ್ಕದಲ್ಲಿ ಅವರ ಮೊಮ್ಮಗ ಮೊಬೈಲ್‌ನಲ್ಲಿ ಬಿಗ್ ಬಾಸ್‌ನ ಹಳೇ ತುಣುಕು ನೋಡುತ್ತಿದ್ದ. ಒಂದು ಕಡೆ ಮೆತ್ತನೆ ಹಾಸಿಗೆ, ತರತರದ ಊಟ. ಇನ್ನೊಂದು ಕಡೆ ಕಂಬಿ, ನೆಲದ ಮೇಲೆ ಮಲಗುವುದು, ತಟ್ಟೆಯಲ್ಲಿ ಗಂಜಿ. ಒಂದರ ಹೆಸರು ಸ್ವರ್ಗ, ಇನ್ನೊಂದರ ಹೆಸರು ನರಕ.

ಆಯಿ ಬಗ್ಗಿ ನೋಡಿದರು. ಆಮೇಲೆ ನಮ್ಮನ್ನು ಕೇಳಿದರು: "ಗಂಜಿ ಕುಡದು ನೆಲಕ್ಕ ಮಲಗಾದು ನರಕಾ ಅಂದ್ರ, ನಾವೆಲ್ಲ ಎಲ್ಲಿ ಅದೀವಿ ತಂಗೀ?"

ನಾವು ನಕ್ಕೆವು. ಆದರೆ ಕಲಬುರಗಿಗೆ ವಾಪಸ್ ಬರುವ ಬಸ್ಸಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ಈ ಬರಹ ಆಯಿತು. ಮನುಷ್ಯರನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ಸುಖ, ಒಬ್ಬರಿಗೆ ಕಷ್ಟ ಕೊಟ್ಟು, ಬಾಗಿಲು ಹಾಕಿ, ಕ್ಯಾಮೆರಾ ಇಟ್ಟು ನೋಡುವ ಈ ಆಟ ಎಲ್ಲಿಂದ ಬಂತು? ಅದರಲ್ಲಿ ನಮ್ಮ ಹಳ್ಳಿಗಳ ಪಾಲೇನು?

ಟಿವಿ ಮೊದಲು ಬಂದದ್ದು ನಮ್ಮಲ್ಲಿಗೆ

ನಿಮ್ಮಲ್ಲಿ ಬಹಳ ಮಂದಿಗೆ ಇದು ಗೊತ್ತಿರಲಿಕ್ಕಿಲ್ಲ. ಕರ್ನಾಟಕದಲ್ಲಿ ಟಿವಿ ಮೊದಲು ಕಂಡದ್ದು ಬೆಂಗಳೂರಿನಲ್ಲಿ ಅಲ್ಲ, ನಮ್ಮ ಕಡೆಯ ಹಳ್ಳಿಗಳಲ್ಲಿ.

1975ರ ಆಗಸ್ಟ್ 1ರಂದು 'ಸೈಟ್' ಎಂಬ ಪ್ರಯೋಗ ಶುರುವಾಯಿತು. ಅಮೆರಿಕದ ನಾಸಾ ಸಂಸ್ಥೆ ತನ್ನ ಒಂದು ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಬಿಟ್ಟುಕೊಟ್ಟಿತ್ತು. ನಮ್ಮ ಇಸ್ರೋ ಮತ್ತು ಆಕಾಶವಾಣಿ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿದವು. ಹಿಂದುಳಿದ ಜಿಲ್ಲೆಗಳನ್ನೇ ನೋಡಿ ಆರಿಸಿದ್ದರು. ನಮ್ಮ ರಾಜ್ಯದಲ್ಲಿ ಆಯ್ಕೆಯಾದದ್ದು ಅಂದಿನ ಗುಲ್ಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ಬೆಂಗಳೂರು ಆ ಪಟ್ಟಿಯಲ್ಲೇ ಇರಲಿಲ್ಲ.

ಕೋಳಿ ಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಛತ್ರಿ ಆಂಟೆನಾ. ಊರಿಗೆಲ್ಲ ಸೇರಿ ಒಂದೇ ಟಿವಿ. ಮುಂಜಾನೆ ಒಂದೂವರೆ ತಾಸು ಶಾಲೆ ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ. ಒಕ್ಕಲುತನ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಒಂದಿಷ್ಟು ಹಾಡು, ನಾಟಕ. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ.

ಕಮಲಾಪುರ ಬಸ್ ನಿಲ್ದಾಣದಲ್ಲಿ ಸಿಕ್ಕ ಅಜ್ಜ ಒಬ್ಬರು ಹೇಳಿದರು: "ಪುಕ್ಕಟೆ ಅದ ಅಂದ್ರು, ಬಾಜು ಊರಿಗಿ ನಡಕೋತ ಹೋಗಿದ್ವಿ. ಎತ್ತಿನ ಬಗ್ಗೆ ಹೇಳ್ಲಿಕತ್ತಿದ್ರು. ನಮಗ ಎತ್ತಿನ ಬಗ್ಗೆ ಅವರೇನ್ ಹೇಳ್ತಾರ! ಆದ್ರೂ ಕುಂತು ನೋಡಿದ್ವಿ."

ಒಂದು ವರ್ಷಕ್ಕೆ ಪ್ರಯೋಗ ಮುಗಿಯಿತು. 1977ರಲ್ಲಿ ಗುಲ್ಬರ್ಗಾದಲ್ಲಿ ದೂರದರ್ಶನ ಕೇಂದ್ರ ಬಂತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ. ಅಂದರೆ ನಮ್ಮ ಹಳ್ಳಿಯವರು ಟಿವಿ ನೋಡಿ ಆರು ವರ್ಷವಾದ ಮೇಲೆ ರಾಜಧಾನಿಗೆ ಅದು ಸಿಕ್ಕಿತು.

ಆಗ ಹಳ್ಳಿ ಎಂದರೆ ಕಲಿಸಬೇಕಾದ ಜಾಗ ಎಂದು ಟಿವಿ ತಿಳಿದಿತ್ತು. ಅದರಲ್ಲೂ ಒಂದಿಷ್ಟು ದೊಡ್ಡಸ್ತಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹಳ್ಳಿ ಶಿಕ್ಷೆ ಆಗಿರಲಿಲ್ಲ.

ಎರಡು ಗುಂಪು, ಒಂದು ನೀರಿನ ಟ್ಯಾಂಕು

ಜನರನ್ನು ಬೇರ್ಪಡಿಸಿ ನೋಡುವ ಚಾಳಿ ಟಿವಿಗಿಂತ ಮೊದಲು ವಿಜ್ಞಾನಿಗಳಿಗೆ ಇತ್ತು. 1954ರಲ್ಲಿ ಮುಜಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಓಕ್ಲಹೋಮಾದಲ್ಲಿ 22 ಹುಡುಗರನ್ನು ಬೇಸಿಗೆ ಶಿಬಿರಕ್ಕೆ ಕರೆದೊಯ್ದರು. ಎರಡು ಗುಂಪು ಮಾಡಿ ದೂರ ದೂರ ಇಟ್ಟರು. ಆಮೇಲೆ ಇಬ್ಬರಿಗೂ ಆಟದ ಪಂದ್ಯ, ಬಹುಮಾನ. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟ ಇನ್ನೊಬ್ಬರು ಸುಟ್ಟರು, ರಾತ್ರಿ ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗಿದರು. ಒಂದೇ ತರಹದ ಮನೆಗಳಿಂದ ಬಂದ, ಹನ್ನೊಂದು ಹನ್ನೆರಡು ವರ್ಷದ ಮಕ್ಕಳು ಅವರು.

ಜಗಳ ನಿಂತದ್ದು ಹೇಗೆ ಗೊತ್ತೇ? ಶಿಬಿರಕ್ಕೆ ಬರುವ ನೀರನ್ನು ಬೇಕೆಂದೇ ಬಂದ್ ಮಾಡಿದರು. ಬಾಯಾರಿದ ಎರಡೂ ಗುಂಪಿನ ಹುಡುಗರು ಸೇರಿ ಟ್ಯಾಂಕಿನ ತನಕ ಹುಡುಕುತ್ತ ಹೋದರು, ಕಟ್ಟಿಕೊಂಡಿದ್ದನ್ನು ಸೇರಿಯೇ ಬಿಡಿಸಿದರು. ಇಂಥ ಕೆಲಸ ಒಂದಾದ ಮೇಲೊಂದು ಬಂದಂತೆ ಹಗೆ ಕರಗಿತು. ನಮ್ಮ ಓಣಿಯಲ್ಲಿ ಬೋರ್‌ವೆಲ್ ಮೋಟರ್ ಸುಟ್ಟಾಗ ಪಾರ್ಟಿ ಮರೆತು ಎಲ್ಲರೂ ಹಗ್ಗ ಹಿಡಿಯುವುದಿಲ್ಲವೇ, ಹಾಗೆ.

ಟಿವಿಯವರು ಈ ಪ್ರಯೋಗದ ಮೊದಲ ಭಾಗದಂಥದ್ದನ್ನೇ ಮಾಡಿದರು. ಎರಡನೇ ಭಾಗ ಅವರಿಗೆ ಬೇಕಾಗಲಿಲ್ಲ. ಕೂಡಿ ಬಾಳಿದರೆ ನೋಡುವವರು ಯಾರು?

1999ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ 'ಬಿಗ್ ಬ್ರದರ್' ಶುರುವಾಯಿತು. 2002ರಲ್ಲಿ ಬ್ರಿಟನ್ನಿನ ಬಿಗ್ ಬ್ರದರ್ ಮನೆಯ ನಡುವೆ ಕಂಬಿ ಹಾಕಿ ಒಂದು ಕಡೆ ಸಾಹುಕಾರರು, ಒಂದು ಕಡೆ ಬಡವರು ಎಂದು ಮಾಡಿದರು. 2007ರಲ್ಲಿ ಅಮೆರಿಕದ 'ಸರ್ವೈವರ್' ಫಿಜಿ ದ್ವೀಪದಲ್ಲಿ ಒಂದು ತಂಡಕ್ಕೆ ಹಾಸಿಗೆ, ಅಡುಗೆ ಸಾಮಾನು, ಸೂರು ಎಲ್ಲ ಕೊಟ್ಟು, ಇನ್ನೊಂದು ತಂಡವನ್ನು ಹೆಚ್ಚು ಕಡಿಮೆ ಬರಿಗೈಯಲ್ಲಿ ಬಿಟ್ಟಿತು. ಆದದ್ದೇನು? ಬರಿಗೈ ತಂಡ ಒಂದಾದ ಮೇಲೊಂದು ಪಂದ್ಯ ಸೋಲುತ್ತ ಹೋಯಿತು. ಉಂಡು ಮಲಗಿ ಎದ್ದವರು ಗೆದ್ದರು, ಹಸಿದವರು ಸೋತರು. ಯಾರ ಪ್ರತಿಭೆಯನ್ನೂ ಆ ಆಟ ಅಳೆಯಲಿಲ್ಲ. ಕೂಲಿಗೆ ಹೋಗಿ ಬಂದು ರಾತ್ರಿ ಓದುವ ನಮ್ಮ ಹುಡುಗ, ಕೋಚಿಂಗ್‌ಗೆ ಹೋಗುವ ಹುಡುಗನ ಜೊತೆ ಪರೀಕ್ಷೆ ಬರೆದಾಗ ಆಗುವುದೂ ಇದೇ ಅಲ್ಲವೇ?

ಕನ್ನಡಕ್ಕೆ ಬಂದಾಗ ಹಳ್ಳಿಯೇ ಆಟದ ಅಂಗಳ

ಕನ್ನಡದಲ್ಲಿ ಈ ಆಟ ಸ್ವರ್ಗ–ನರಕದಿಂದ ಶುರುವಾಗಲಿಲ್ಲ, ಪೇಟೆ–ಹಳ್ಳಿಯಿಂದ ಶುರುವಾಯಿತು. 2010ರಲ್ಲಿ ಸುವರ್ಣ ವಾಹಿನಿಯಲ್ಲಿ 'ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು' ಬಂತು. ನಡೆಸಿಕೊಟ್ಟವರು ಅಕುಲ್ ಬಾಲಾಜಿ. ಪೇಟೆಯ ಹುಡುಗಿಯರು ಹಳ್ಳಿಗೆ ಬಂದು ಸಗಣಿ ಬಾಚಬೇಕು, ಹಾಲು ಹಿಂಡಬೇಕು, ಹೊಲದ ಕೆಲಸ ಮಾಡಬೇಕು. ನಮ್ಮ ಮನೆಗಳಲ್ಲೂ ಎಲ್ಲರೂ ಕುಳಿತು ನೋಡಿದೆವು, ಬಿದ್ದು ಬಿದ್ದು ನಕ್ಕೆವು. ನಮ್ಮ ಅವ್ವಂದಿರು ದಿನಾ ಮಾಡುವ ಕೆಲಸ ಅಲ್ಲಿ 'ಟಾಸ್ಕ್' ಆಗಿತ್ತು. ಪೇಟೆಯವರಿಗೆ ಅದು ಬರುವುದಿಲ್ಲ ಎಂದು ಕಂಡಾಗ ನಮಗೊಂದು ಖುಷಿ. ಅದನ್ನು ಮುಚ್ಚಿಡುವುದು ಬೇಡ.

ಅದರ ಬೆನ್ನಲ್ಲೇ 'ಹಳ್ಳಿ ಹೈದ ಪ್ಯಾಟೆಗ್ ಬಂದ' ಬಂತು. ಈ ಸಲ ತಿರುವು ಮುರುವು. ಕಾಡಂಚಿನ ಆದಿವಾಸಿ ಯುವಕರನ್ನು ಬೆಂಗಳೂರಿಗೆ ಕರೆತಂದರು. ಅದರಲ್ಲಿ ಗೆದ್ದವನು ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಹಾಡಿಯ ರಾಜೇಶ್. ರಾಜ್ಯವೆಲ್ಲ ಅವನನ್ನು ಗುರುತಿಸಿತು. 'ಜಂಗಲ್ ಜಾಕಿ' ಸಿನಿಮಾದಲ್ಲಿ ನಾಯಕನಾದ. 2013ರ ನವೆಂಬರಿನಲ್ಲಿ ಮೈಸೂರಿನಲ್ಲಿ ಮನೆಯ ಮಹಡಿಯಿಂದ ಬಿದ್ದು ತೀರಿಕೊಂಡ.

ಅವನ ಸಾವಿಗೆ ಇಂಥದ್ದೇ ಕಾರಣ ಎಂದು ಬೆರಳು ತೋರಿಸಲು ನಾವು ಹೊರಟಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಪೇಟೆಯ ಹುಡುಗಿಯರು ಹಳ್ಳಿಯಿಂದ ವಾಪಸ್ ಹೋದಾಗ ಅವರ ಮನೆ, ಕಾಲೇಜು, ಕೆಲಸ ಅಲ್ಲೇ ಇತ್ತು. ಪೇಟೆ ನೋಡಿ, ಹೆಸರು ನೋಡಿ ಬಂದ ಹಾಡಿಯ ಹುಡುಗನಿಗೆ ವಾಪಸ್ ದಾರಿ ಅಷ್ಟು ಸುಲಭ ಇರಲಿಲ್ಲ. ಎರಡೂ ಕಾರ್ಯಕ್ರಮ ನೋಡುವವರಿಗೆ ಒಂದೇ ತರಹದ ತಮಾಷೆ. ಒಳಗೆ ಹೋದವರಿಗೆ ಒಂದೇ ಅಲ್ಲ.

2024: ನರಕ ಕಟ್ಟಿದರು, ನರಕ ಕೆಡವಿದರು

ಹಿಂದಿಯ ಬಿಗ್ ಬಾಸ್ 2013ರಲ್ಲೇ ಮನೆಯನ್ನು ಸ್ವರ್ಗ, ನರಕ ಎಂದು ಒಡೆದಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಸುದೀಪ್ ನಡೆಸಿಕೊಟ್ಟ ಕನ್ನಡದ ಮೊದಲ ಬಿಗ್ ಬಾಸ್ ಬಂತು. ಕನ್ನಡದಲ್ಲಿ ಸ್ವರ್ಗ–ನರಕ ಬಂದದ್ದು ಹನ್ನೊಂದನೇ ಆವೃತ್ತಿಯಲ್ಲಿ, 2024ರ ಸೆಪ್ಟೆಂಬರ್ 29ರಂದು. ಕೆಲವರು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ನೋಡುವ ನಾವೇ ವೋಟು ಹಾಕಿದೆವು.

ನರಕದ ಕೋಣೆಗೆ ಕಂಬಿ. ಊಟಕ್ಕೆ ಗಂಜಿ. ಸ್ವರ್ಗದ ಸೌಲಭ್ಯ ಅಲ್ಲಿಗೆ ಇಲ್ಲ. ಊಟ, ಶೌಚಾಲಯ, ಹೆಣ್ಣುಮಕ್ಕಳ ಮರ್ಯಾದೆಯ ಪ್ರಶ್ನೆ ಎತ್ತಿ ರಾಜ್ಯ ಮಹಿಳಾ ಆಯೋಗಕ್ಕೆ ದೂರು ಹೋಯಿತು. ಆಯೋಗ ಪೊಲೀಸರಿಗೆ ಪತ್ರ ಬರೆಯಿತು. ಪೊಲೀಸರು ಹೋಗಿ ವಿಚಾರಿಸಿದರು. ಎರಡನೇ ವಾರದಲ್ಲಿ ನರಕವನ್ನು ಒಡೆದು ಹಾಕಲಾಯಿತು, ಎಲ್ಲರೂ ಒಂದೇ ಮನೆಯವರಾದರು.

ಇದು ಒಳ್ಳೆಯದೇ. ಆಟವಾದರೂ ಮನುಷ್ಯರಿಗೆ ಶೌಚಾಲಯ, ಊಟ ಬೇಕು ಎಂದು ಯಾರೋ ಕೇಳಿದರು, ಯಾರೋ ಕೇಳಿಸಿಕೊಂಡರು. ಆದರೆ ಓದುತ್ತ ಓದುತ್ತ ನಮಗೆ ನೆನಪಾದದ್ದು ಬೇರೆ. ಸುಗ್ಗಿ ಮುಗಿದ ಮೇಲೆ ನಮ್ಮ ಊರುಗಳಿಂದ, ತಾಂಡಾಗಳಿಂದ ಬೆಂಗಳೂರು, ಪುಣೆ, ಮುಂಬೈಗೆ ಗುಳೆ ಹೋಗುವವರು. ಕಟ್ಟಡದ ಬದಿಯ ತಗಡಿನ ಶೆಡ್ಡು, ಹತ್ತಾರು ಮನೆಗೆ ಒಂದು ಶೌಚಾಲಯ, ಕೆಲವು ಕಡೆ ಅದೂ ಇಲ್ಲ. ಎದುರಿಗೇ ಅವರು ಕಟ್ಟುತ್ತಿರುವ ಹತ್ತು ಮಹಡಿಯ ಮನೆ. ಸ್ವರ್ಗವನ್ನು ಕಟ್ಟುವವರೇ ಅಲ್ಲಿ ನರಕದಲ್ಲಿ ಇರುತ್ತಾರೆ. ಅಲ್ಲಿ ಕ್ಯಾಮೆರಾ ಇಲ್ಲ, ವಾರದ ಕೊನೆಗೆ ಬಂದು ಕೇಳುವವರಿಲ್ಲ, ಎರಡನೇ ವಾರಕ್ಕೆ ಯಾರೂ ಕಂಬಿ ಮುರಿಯುವುದಿಲ್ಲ.

ಗೆದ್ದದ್ದು ಯಾರು?

ಆ ಆವೃತ್ತಿಯ ಕೊನೆ ನಿಮಗೆಲ್ಲ ಗೊತ್ತು. ಕಂಬಿ ಮುರಿದ ಮೇಲೆ, ವೈಲ್ಡ್ ಕಾರ್ಡ್ ಆಗಿ ಒಳಗೆ ಹೋದ ಹಾವೇರಿ ಜಿಲ್ಲೆ ಚಿಲ್ಲೂರು ಬಡ್ನಿಯ ಹನುಮಂತ 2025ರ ಜನವರಿಯಲ್ಲಿ ಗೆದ್ದ. ಕುರಿ ಕಾಯುತ್ತಿದ್ದ ಹುಡುಗ, 'ಸರಿಗಮಪ'ದಲ್ಲಿ ಹಾಡಿ ಎರಡನೇ ಸ್ಥಾನ ಪಡೆದು ಹೆಸರಾದವನು. ಐವತ್ತು ಲಕ್ಷ ಬಹುಮಾನ. ನಮ್ಮ ಕಡೆಯ ತಾಂಡಾಗಳಲ್ಲಿ ಅವತ್ತು ರಾತ್ರಿ ಪಟಾಕಿ ಹೊಡೆದರು.

ನಮಗೂ ಸಂತೋಷವಾಗಿತ್ತು. ಆದರೆ ಒಬ್ಬ ಹನುಮಂತ ಗೆದ್ದ ಮಾತ್ರಕ್ಕೆ ಆಟ ಸರಿ ಇದೆ ಎಂದು ಅಲ್ಲ. ನೆಲದ ಮೇಲೆ ಮಲಗುವುದು, ಇದ್ದದ್ದರಲ್ಲಿ ಉಣ್ಣುವುದು ಹಳ್ಳಿಯವರಿಗೆ ಮಾಮೂಲಿ ಎಂದು ಹೊಗಳುವವರು ಬಹಳ. ಮಾಮೂಲಿ ಎನ್ನುವುದು ಹೊಗಳಿಕೆಯೂ ಆಗಬಹುದು, ಕೈ ತೊಳೆದುಕೊಳ್ಳುವ ಮಾತೂ ಆಗಬಹುದು.

ಒಂದೇ ಪಂಕ್ತಿ

ಸ್ವರ್ಗ–ನರಕದ ಮಾತು ನಮ್ಮ ನೆಲಕ್ಕೆ ಹೊಸದಲ್ಲ. ಕಮಲಾಪುರ ದಾಟಿ ಹುಮನಾಬಾದ್ ಮೇಲೆ ಹೋದರೆ ಬಸವಕಲ್ಯಾಣ. ಹನ್ನೆರಡನೇ ಶತಮಾನದಲ್ಲಿ ಅಲ್ಲಿದ್ದ ಶರಣರು ಇವೆರಡನ್ನೂ ಮೇಲಿನ ಲೋಕದಿಂದ ಇಳಿಸಿ ಮನುಷ್ಯರ ನಡತೆಯಲ್ಲಿ ಇಟ್ಟರು. ಕಲಬುರಗಿಯಲ್ಲಿ ಶರಣಬಸವೇಶ್ವರರು, 1746ರಿಂದ 1822ರವರೆಗೆ ಬದುಕಿದವರು, ದಾಸೋಹ ನಡೆಸಿದರು. ದಾಸೋಹದಲ್ಲಿ ಕುಳಿತವರಿಗೆಲ್ಲ ಒಂದೇ ಊಟ. ಒಬ್ಬನಿಗೆ ಗಂಜಿ, ಒಬ್ಬನಿಗೆ ಹೋಳಿಗೆ ಎಂದು ಪಂಕ್ತಿಭೇದ ಮಾಡಿದರೆ ಅದು ದಾಸೋಹ ಆಗುವುದಿಲ್ಲ. ಪಂಕ್ತಿಭೇದಕ್ಕೆ ಈ ಭಾಗದಲ್ಲಿ ಇನ್ನೂ ಕೆಟ್ಟ ಹೆಸರಿದೆ. ಟಿವಿಯಲ್ಲಿ ಅದಕ್ಕೆ 'ಥೀಮ್' ಎನ್ನುತ್ತಾರೆ.

ಹಾಗಂತ ಟಿವಿ ಆರಿಸಿ ಎಂದು ನಾವು ಹೇಳುವುದಿಲ್ಲ. ನಾವೂ ನೋಡುತ್ತೇವೆ, ವೋಟೂ ಹಾಕಿದ್ದೇವೆ. ನೋಡುವಾಗ ಆಯಿಯ ಪ್ರಶ್ನೆ ನೆನಪಿರಲಿ ಎನ್ನುತ್ತೇವೆ ಅಷ್ಟೇ.

ಅದಕ್ಕೆ ನಮಗೆ ತೋಚಿದ ಉತ್ತರ ಇದು. ಗಂಜಿ ನರಕವಲ್ಲ ಆಯಿ. ಬಿಸಿಲಿಗೆ ಅಂಬಲಿ ಕುಡಿದೇ ನಾವು ಬೆಳೆದವರು. ಬಾಜು ಕೋಣೆಯವನು ಉಣ್ಣುವುದನ್ನು ನೋಡುತ್ತ, ಬೇಡ ಎನ್ನುವ ಹಕ್ಕೂ ಇಲ್ಲದೆ ಕುಡಿಯುವಾಗ ಅದು ನರಕ. ಆದರೆ ನೀವು ಬಿಸಿಲಲ್ಲಿ ಕುಳಿತು ಇಡೀ ದಿನ ಹಣ್ಣು ಮಾರುವ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಹೋಗಲು ಒಂದು ಶೌಚಾಲಯ ಹತ್ತಿರ ಇದೆಯೇ ಎಂದು ನಾವು ಅವತ್ತು ಕೇಳಲೇ ಇಲ್ಲ. ಮುಂದಿನ ಸಲ ಬಂದಾಗ ಮೊದಲು ಅದನ್ನೇ ಕೇಳುತ್ತೇವೆ, ಬರೆಯುತ್ತೇವೆ.

ಓದುಗರಲ್ಲಿ ಒಂದು ವಿನಂತಿ. 1975–76ರಲ್ಲಿ ನಿಮ್ಮ ಊರಿಗೆ ಆ ಛತ್ರಿ ಟಿವಿ ಬಂದಿತ್ತೇ? ಮನೆಯ ಹಿರಿಯರನ್ನು ಕೇಳಿ. ಏನು ನೋಡಿದರು, ಎಲ್ಲಿ ಕುಳಿತು ನೋಡಿದರು, ಯಾರನ್ನು ಮುಂದೆ ಕೂರಿಸಿದರು, ಯಾರನ್ನು ಹಿಂದೆ ಕೂರಿಸಿದರು? ಅವರ ಮಾತನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ನಮಗೆ ಕಳಿಸಿ. ಅವತ್ತು ನೋಡಿದವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ತಡ ಮಾಡಬೇಡಿ.