ಮಡಿಲು ಮತ್ತು ಮೊಹರು

ನಮ್ಮ ಕೊಳಕೂರಿನಲ್ಲಿ, ಹಿರಿಯರ ಎದುರು ಮಗುವನ್ನು ಮಡಿಲಿಗೆ ಹಾಕಿದರೆ ದತ್ತು ಮುಗಿಯಿತೆಂದೇ ಬಾಲ್ಯದಲ್ಲಿ ನಾನು ತಿಳಿದಿದ್ದೆ. ಕಡಲಾಚೆಯ ಮಡಿಲಿಗಾದರೋ ನ್ಯಾಯಾಲಯದ ಮೊಹರು ಬೇಕಾಗಿತ್ತು.

1956ರ ದತ್ತಕ ಕಾಯಿದೆ ಹಿಂದೂಗಳಿಗೆ ಮಾತ್ರ ಸಂಬಂಧಿಸಿದ್ದು. ಆದಕಾರಣ ಪರದೇಶದ ದಂಪತಿಗಳು 1890ರ ಪಾಲಕರ ಕಾಯಿದೆಯಂತೆ ಜಿಲ್ಲಾ ನ್ಯಾಯಾಲಯದಿಂದ ಪಾಲಕರೆನಿಸಿಕೊಂಡು, ಮಗುವನ್ನು ಕರೆದೊಯ್ದು, ತಮ್ಮ ನಾಡಿನಲ್ಲಿ ದತ್ತು ಪಡೆಯುತ್ತಿದ್ದರು. ಈ ವ್ಯವಹಾರದಲ್ಲಿ ನಡೆಯುತ್ತಿದ್ದ ಅಕ್ರಮಗಳನ್ನು ಕುರಿತು 1982ರಲ್ಲಿ ವಕೀಲ ಲಕ್ಷ್ಮೀಕಾಂತ ಪಾಂಡೆಯವರು ಸುಪ್ರೀಂ ಕೋರ್ಟಿಗೆ ಕಾಗದ ಬರೆದರು. ಆ ಕಾಗದವೇ ಅರ್ಜಿಯಾಯಿತು. 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಭಗವತಿಯವರು ತೀರ್ಪಿತ್ತರು: ಮೊದಲು ಸ್ವದೇಶದಲ್ಲಿ ಮನೆ ಹುಡುಕಬೇಕು, ಪರದೇಶದವರ ಮನೆಯ ಸ್ಥಿತಿಗತಿ ವಿಚಾರಿಸಬೇಕು, ಅರ್ಜಿಯನ್ನು ಎರಡು ತಿಂಗಳೊಳಗೆ ತೀರಿಸಬೇಕು.

2015ರ ಬಾಲನ್ಯಾಯ ಕಾಯಿದೆಯೂ ಅದೇ ಎರಡು ತಿಂಗಳ ಗಡುವನ್ನು ವಿಧಿಸಿತು. 2022ರ ಸೆಪ್ಟೆಂಬರಿನಿಂದ ಈ ಅಪ್ಪಣೆ ಕೊಡುವವರು ಜಿಲ್ಲಾಧಿಕಾರಿಗಳು. ವಿಚಾರಣೆ ಬೇಡವೆಂದು ನಾನು ಹೇಳಲಾರೆ. ಅದು ಮಗುವಿನ ಕಾವಲು. ಆದರೆ ದೊಡ್ಡವರಿಗೆ ಎರಡು ತಿಂಗಳೆಂದರೆ ಕಡತದ ನಾಲ್ಕು ಹಾಳೆ. ಕೂಸಿಗೆ ಅದೇ ಮೊದಲ ಹೆಜ್ಜೆ, ಮೊದಲ ತೊದಲು. ಅದನ್ನು ಕಾಣುವ ಭಾಗ್ಯ ಅನಾಥಾಲಯದ ಆಯಾಳಿಗೋ, ತಾಯಿಗೋ? ಗಡುವಿನ ಅರ್ಥ ಇದೇ ಅಲ್ಲವೆ?