ಮಾದರಿ ಡೀಸೆಲ್ ಎಂಜಿನ್: ತಯಾರಿಕೆಯ ಗುಣಮಟ್ಟ ಮತ್ತು ಬಿಡಿಭಾಗಗಳು

ನಿಜವಾದ ಡೀಸೆಲ್ ರೈಲು ಎಂಜಿನ್ನನ್ನು ಗೊತ್ತಾದ ಪ್ರಮಾಣದಲ್ಲಿ ಕುಗ್ಗಿಸಿ, ಪುಟ್ಟ ಹಳಿಗಳ ಮೇಲೆ ಓಡುವಂತೆ ಮಾಡಿದ ಯಂತ್ರವೇ ಮಾದರಿ ಡೀಸೆಲ್ ಎಂಜಿನ್. ಹೆಸರಿನಲ್ಲಿ ಡೀಸೆಲ್ ಇದ್ದರೂ ಒಳಗಿರುವುದು ವಿದ್ಯುತ್ ಮೋಟಾರು. ಹಳಿಯಲ್ಲಿ ಹರಿಯುವ ವಿದ್ಯುತ್ತು ಚಕ್ರಗಳ ಮೂಲಕ ಅದನ್ನು ತಲುಪುತ್ತದೆ. ಹೆಚ್ಚು ಬಳಕೆಯಲ್ಲಿರುವ ಪ್ರಮಾಣಗಳಲ್ಲಿ ಎರಡು: 1:87ರ ಎಚ್‌ಒ ಮತ್ತು ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ 1:76.2ರ ಒಒ. ಎರಡೂ 16.5 ಮಿ.ಮೀ. ಅಗಲದ ಹಳಿಯ ಮೇಲೆಯೇ ಓಡುತ್ತವೆ. ಇಂಥ ಎಂಜಿನ್ನಿನ ಗುಣಮಟ್ಟವನ್ನು ನೋಟ, ಓಟ, ಬಾಳಿಕೆ ಎಂಬ ಮೂರು ನೆಲೆಗಳಲ್ಲಿ ಅಳೆಯಲಾಗುತ್ತದೆ. ನೋಟ ಮತ್ತು ಓಟ ಕೊಂಡ ದಿನವೇ ತಿಳಿದುಬಿಡುತ್ತವೆ. ಬಾಳಿಕೆ ಮಾತ್ರ ವರ್ಷಗಳು ಉರುಳಿದ ಮೇಲೆ, ಸವೆದ ಭಾಗವನ್ನು ಬಿಚ್ಚಿ ಇನ್ನೊಂದನ್ನು ಕೂರಿಸಲು ಸಾಧ್ಯವೇ ಎಂಬುದರಿಂದ ತಿಳಿಯುತ್ತದೆ. ಆದ್ದರಿಂದ ಈ ಎಂಜಿನ್ನುಗಳ ಗುಣಮಟ್ಟದ ಇತಿಹಾಸವನ್ನು ಅವುಗಳ ಬಿಡಿಭಾಗಗಳ ಇತಿಹಾಸದಿಂದ ಬೇರ್ಪಡಿಸಲಾಗದು.

ರಚನೆ

ಮಾದರಿ ಡೀಸೆಲ್ ಎಂಜಿನ್ನಿನಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳಿವೆ: ಹೊರಕವಚ, ಅದನ್ನು ಹೊರುವ ಚಾಸಿ, ಮೋಟಾರು ಮತ್ತು ಬೋಗಿಗಳು. ಕನ್ನಡದ ಆಡುಮಾತಿನಲ್ಲಿ ಬೋಗಿ ಎಂದರೆ ರೈಲಿನ ಡಬ್ಬಿ. ಎಂಜಿನಿಯರಿಂಗ್ ಭಾಷೆಯಲ್ಲಿ ಅದು ಎಂಜಿನ್ನಿನ ಎರಡೂ ತುದಿಗಳಡಿ ತಿರುವಿಗೆ ತಕ್ಕಂತೆ ಹೊರಳುವ ಚಕ್ರಗಳ ಚೌಕಟ್ಟು. ಈ ಲೇಖನದಲ್ಲಿ ಆ ಪದವನ್ನು ಇದೇ ಅರ್ಥದಲ್ಲಿ ಬಳಸಿದೆ. ಮೊದಲು ಸವೆಯುವುದು ಮೋಟಾರಿನ ಕಾರ್ಬನ್ ಬ್ರಷ್ಷುಗಳು, ಚಕ್ರಕ್ಕೆ ಹಿಡಿತ ಕೊಡುವ ರಬ್ಬರ್ ಪಟ್ಟಿಗಳು ಮತ್ತು ಗೇರುಗಳು. ಮೊದಲು ಮುರಿಯುವುದು ಕೊಂಡಿಗಳು ಮತ್ತು ಕೈಗಂಬಿ, ಮೆಟ್ಟಿಲುಗಳಂಥ ಎಳೆಯಷ್ಟು ತೆಳುವಾದ ಭಾಗಗಳು. ಬಹುಕಾಲ ಪೆಟ್ಟಿಗೆಯಲ್ಲೇ ಉಳಿದ ಎಂಜಿನ್ನಿನಲ್ಲಿ ಗ್ರೀಸು ಗಟ್ಟಿಯಾಗಿ ಗೇರುಗಳನ್ನು ಹಿಡಿದಿಡುವುದೂ ಉಂಟು.

ಮೂಲ ಎಂಜಿನ್ನಿನ ಪ್ರಭಾವ

ಉಗಿ ಎಂಜಿನ್ನುಗಳನ್ನು ರೈಲ್ವೆಗಳು ಬಹುಮಟ್ಟಿಗೆ ತಮ್ಮ ತಮ್ಮ ಅಗತ್ಯಕ್ಕೆ ತಕ್ಕಂತೆ ಮಾಡಿಸಿಕೊಳ್ಳುತ್ತಿದ್ದವು. ಜನರಲ್ ಮೋಟಾರ್ಸ್‌ನ ಎಲೆಕ್ಟ್ರೋ-ಮೋಟಿವ್ ವಿಭಾಗ ಆ ರೂಢಿಯನ್ನು ಮುರಿಯಿತು. 1939ರ ಎಫ್‌ಟಿ, 1949ರ ಎಫ್7 ಮತ್ತು ಜಿಪಿ7 ಎಂಜಿನ್ನುಗಳು ಎಲ್ಲ ಗಿರಾಕಿಗಳಿಗೂ ಒಂದೇ ಬಗೆಯವು. ಒಂದರ ಭಾಗ ಇನ್ನೊಂದಕ್ಕೆ ಒಗ್ಗುತ್ತಿತ್ತು. ಮಾರ್ಟಿನ್ ಬ್ಲೊಂಬರ್ಗ್ ವಿನ್ಯಾಸಗೊಳಿಸಿದ ನಾಲ್ಕು ಚಕ್ರದ ಬೋಗಿ ಎಫ್‌ಟಿಯಿಂದ ಹಿಡಿದು ಜಿಪಿ ಸರಣಿಯವರೆಗೆ ದಶಕಗಳ ಕಾಲ ಮುಂದುವರಿಯಿತು.

ಮಾದರಿ ತಯಾರಕರಿಗೆ ಇದರಿಂದ ದೊಡ್ಡ ಅನುಕೂಲವಾಯಿತು. ಉಗಿ ಎಂಜಿನ್ನಿನ ಮಾದರಿಗೆ ಪ್ರತಿ ಸಲವೂ ಬೇರೆ ಚಕ್ರ, ಬೇರೆ ಸರಳು, ಬೇರೆ ಚಾಸಿ ಬೇಕು. ಡೀಸೆಲ್‌ಗಾದರೆ ಬೋಗಿಗೆ ಒಂದು ಅಚ್ಚು ಮಾಡಿಟ್ಟರೆ ಹಲವು ಕವಚಗಳ ಕೆಳಗೆ ಅದನ್ನೇ ಜೋಡಿಸಬಹುದು. ಕವಚ ಒಂದಿದ್ದರೆ ಹತ್ತು ರೈಲ್ವೆಗಳ ಬಣ್ಣ ಬಳಿದು ಮಾರಬಹುದು. ನಿಜವಾದ ಎಂಜಿನ್ನಿನ ಗುಣವಾಗಿದ್ದ ಭಾಗಗಳ ಅದಲುಬದಲು ಹೀಗೆ ಮಾದರಿಗೂ ಇಳಿದು ಬಂದಿತು.

ಎರಕದ ಲೋಹದ ಕಾಲ

ಜರ್ಮನಿಯ ಮಾರ್ಕ್ಲಿನ್ ಮತ್ತು ಟ್ರಿಕ್ಸ್ 1935ರಲ್ಲಿ ಸುಮಾರು ಇಂದಿನ ಎಚ್‌ಒ ಗಾತ್ರದ ರೈಲುಗಳನ್ನು ಮಾರುಕಟ್ಟೆಗೆ ತಂದವು. ಬ್ರಿಟನ್ನಿನ ಲಿವರ್‌ಪೂಲಿನಲ್ಲಿದ್ದ ಮೆಕಾನೊ ಕಂಪನಿಯ ಹಾರ್ನ್‌ಬಿ ಡಬ್ಲೊ 1938ರಲ್ಲಿ ಬಂದಿತು. ಇವು ಸತುವಿನ ಮಿಶ್ರಲೋಹವನ್ನು ಒತ್ತಡದಿಂದ ಅಚ್ಚಿಗೆ ತುಂಬಿ ಎರಕ ಹೊಯ್ದ ಎಂಜಿನ್ನುಗಳು. ಕೈಗೆ ಭಾರ, ಹಳಿಗೆ ಹಿಡಿತ. ಮಕ್ಕಳ ಕೈಯಿಂದ ಬಿದ್ದರೂ ಸುಲಭವಾಗಿ ಕೆಡುತ್ತಿರಲಿಲ್ಲ.

ಈ ಲೋಹಕ್ಕೆ ಒಂದು ಗುಪ್ತ ಕಾಯಿಲೆಯಿತ್ತು. ಮಿಶ್ರಣದಲ್ಲಿ ಸೀಸದ ಅಂಶ ತುಸು ಹೆಚ್ಚಾದರೂ ಲೋಹದ ಹರಳುಗಳ ನಡುವೆ ಸವಕಳಿ ಶುರುವಾಗುತ್ತದೆ. ಎರಕ ಊದಿಕೊಂಡು, ಬಿರುಕುಬಿಟ್ಟು, ಕೊನೆಗೆ ಪುಡಿಪುಡಿಯಾಗುತ್ತದೆ. ಇದನ್ನು ತಡೆಯಲೆಂದೇ ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ 1929ರಲ್ಲಿ ಅತಿ ಶುದ್ಧ ಸತುವನ್ನು ಆಧರಿಸಿದ ಜಮಾಕ್ ಮಿಶ್ರಲೋಹವನ್ನು ರೂಪಿಸಿತ್ತು. ಆದರೂ ಎರಕದ ಮನೆಯಲ್ಲಿ ಶುದ್ಧತೆಯ ಕಟ್ಟುನಿಟ್ಟು ಸಡಿಲವಾದಾಗಲೆಲ್ಲ ಈ ಕಾಯಿಲೆ ಮರುಕಳಿಸಿದೆ. 2000ರ ದಶಕದಲ್ಲಿ ತಯಾರಾದ ಕೆಲವು ಡೀಸೆಲ್ ಮಾದರಿಗಳ ಚಾಸಿಗಳೂ ಹೀಗೆಯೇ ಬಾಗಿ ಒಡೆದಿವೆ. ಇದಕ್ಕೆ ಔಷಧವಿಲ್ಲ, ಬೇರೆ ಚಾಸಿ ಸಿಕ್ಕರೆ ಮಾತ್ರ ಎಂಜಿನ್ ಉಳಿಯುತ್ತದೆ.

ಅಮೆರಿಕದಲ್ಲಿ ಲಯೊನೆಲ್ ಕಂಪನಿ 1948ರಲ್ಲಿ ದೊಡ್ಡ ಒ ಗಾತ್ರದ ಎಫ್3 ಎಂಜಿನ್ನನ್ನು ಸಾಂಟಾ ಫೆ ಮತ್ತು ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಗಳ ಬಣ್ಣಗಳಲ್ಲಿ ಹೊರತಂದಿತು. ಎರಡು ಮೋಟಾರುಗಳ ಈ ಎಂಜಿನ್ ಅಪಾರ ಜನಪ್ರಿಯತೆ ಗಳಿಸಿತು. ಕಂಪನಿಯ ಮಾನ್ಯತೆ ಪಡೆದ ದುರಸ್ತಿ ಅಂಗಡಿಗಳಿಗೆ ಭಾಗಸಂಖ್ಯೆಗಳನ್ನು ನಮೂದಿಸಿದ ಕೈಪಿಡಿಗಳು ತಲುಪುತ್ತಿದ್ದವು. ಆ ಕಾಲದ ಎಂಜಿನ್ನುಗಳು ಇಂದಿಗೂ ಓಡುತ್ತಿರುವುದಕ್ಕೆ ಗಟ್ಟಿ ಲೋಹದಷ್ಟೇ ಈ ಏರ್ಪಾಡೂ ಕಾರಣ.

ಪ್ಲಾಸ್ಟಿಕ್ ಮತ್ತು ನೀಲಿ ಪೆಟ್ಟಿಗೆ

ಎರಡನೆಯ ಮಹಾಯುದ್ಧದ ನಂತರ ಕವಚಕ್ಕೆ ಪ್ಲಾಸ್ಟಿಕ್ ಬಂದಿತು. ಬ್ರಿಟನ್ನಿನಲ್ಲಿ ರೊವೆಕ್ಸ್ ಕಂಪನಿ ಮೊದಮೊದಲು ಬಳಸಿದ ಸೆಲ್ಯುಲೋಸ್ ಅಸಿಟೇಟ್ ಕಾಲಕ್ರಮೇಣ ಸೊಟ್ಟಗಾಗುತ್ತಿತ್ತು. ಆಕಾರ ಕೆಡದ ಪಾಲಿಸ್ಟೈರೀನ್ ಅದರ ಜಾಗವನ್ನು ಹಿಡಿಯಿತು. ಕಬ್ಬಿಣದ ತಿರುಪಿನ ತಲೆ, ಗಾಳಿಕಿಂಡಿಯ ಪಟ್ಟಿಗಳಂಥ ಸಣ್ಣ ವಿವರಗಳನ್ನೂ ಪ್ಲಾಸ್ಟಿಕ್ ಅಚ್ಚು ಹಿಡಿದುಕೊಟ್ಟಿತು.

ಕ್ಯಾಲಿಫೋರ್ನಿಯಾದ ಇರ್ವಿನ್ ಅಥರ್ನ್ 1950ರ ದಶಕದಲ್ಲಿ ಎಚ್‌ಒ ಡೀಸೆಲ್‌ಗಳನ್ನು ಅಗ್ಗವಾಗಿ ಮಾರತೊಡಗಿದರು. ಆರಂಭದ ಕೆಲವು ಮಾದರಿಗಳಲ್ಲಿ ಮೋಟಾರಿನ ದಂಡದಿಂದ ಆಕ್ಸಲ್‌ಗೆ ರಬ್ಬರ್ ಬ್ಯಾಂಡುಗಳೇ ಚಲನೆಯನ್ನು ಸಾಗಿಸುತ್ತಿದ್ದವು. ಎಂಜಿನ್ ಮಿಂಚಿನಂತೆ ಓಡುತ್ತಿತ್ತು, ನಿಧಾನವಾಗಿ ಸಾಗುತ್ತಿರಲಿಲ್ಲ; ಬ್ಯಾಂಡುಗಳು ಒಣಗಿ ಹರಿಯುತ್ತಿದ್ದವು. ಅನಂತರ ಬಂದ ಗೇರಿನ ವ್ಯವಸ್ಥೆ ಮುಂದಿನ ಪೀಳಿಗೆಗಳಿಗೆ ಮಾದರಿಯಾಯಿತು: ನಡುವೆ ಮೋಟಾರು, ಅದರ ಎರಡೂ ಬದಿಗೆ ದಂಡಗಳು, ಎರಡೂ ಬೋಗಿಗಳ ಎಲ್ಲ ಚಕ್ರಗಳಿಗೂ ಚಲನೆ.

ಅಥರ್ನ್‌ನ ನೀಲಿ ಪೆಟ್ಟಿಗೆಯಲ್ಲಿ ಎಂಜಿನ್ ಬಹುಮಟ್ಟಿಗೆ ಸಿದ್ಧವಾಗಿಯೇ ಬರುತ್ತಿತ್ತು. ಕೈಗಂಬಿಗಳಂಥ ಕೆಲವನ್ನು ಮಾತ್ರ ಕೊಂಡವರು ಜೋಡಿಸಿಕೊಳ್ಳಬೇಕಿತ್ತು. ಅದರಲ್ಲಿ ಕುಂದುಗಳಿದ್ದವು. ಮೋಟಾರು ಅಗಲವಾಗಿದ್ದುದರಿಂದ ಜಿಪಿ ಸರಣಿಯ ಕವಚಗಳನ್ನು ಪ್ರಮಾಣಕ್ಕಿಂತ ಅಗಲವಾಗಿ ಮಾಡಲಾಗಿತ್ತು. ಲೋಹದ ಪುಡಿಯನ್ನು ಒತ್ತಿ ಮಾಡಿದ ಚಕ್ರಗಳಿಗೆ ಕೊಳೆ ಬೇಗ ಅಂಟುತ್ತಿತ್ತು. ಆದರೆ ಕವಚವನ್ನು ಸುಲಭವಾಗಿ ಬಿಚ್ಚಬಹುದಿತ್ತು, ಗೇರು, ಬ್ರಷ್ಷು, ಚಕ್ರಗಳು ಬಿಡಿಯಾಗಿ ಸಿಗುತ್ತಿದ್ದವು, ಮತ್ತು ದಶಕಗಳ ಕಾಲ ಅವುಗಳ ಅಳತೆ ಹೆಚ್ಚು ಬದಲಾಗಲಿಲ್ಲ. ಅದರಿಂದಾಗಿ ಬೇರೆ ಕಂಪನಿಗಳೂ ಈ ಎಂಜಿನ್ನಿಗೆ ಒಗ್ಗುವ ನಿಕಲ್-ಸಿಲ್ವರ್ ಚಕ್ರ, ಉತ್ತಮ ಮೋಟಾರು, ಸೂಕ್ಷ್ಮ ಅಲಂಕಾರದ ಭಾಗಗಳನ್ನು ಮಾಡಿ ಮಾರಿದವು. ನೋಟದಲ್ಲಿ ಸಾಧಾರಣವಾಗಿದ್ದ ಎಂಜಿನ್ ಬಾಳಿಕೆಯಲ್ಲಿ ಅನೇಕ ದುಬಾರಿ ಎಂಜಿನ್ನುಗಳನ್ನು ಮೀರಿಸಿತು.

ಯುರೋಪಿನ ಮೋಟಾರು ಬೋಗಿ

ಬ್ರಿಟನ್ ಮತ್ತು ಯುರೋಪಿನ ಹಲವು ತಯಾರಕರು ಬೇರೆ ದಾರಿ ಹಿಡಿದರು. ಮೋಟಾರನ್ನು ಚಾಸಿಯ ನಡುವೆ ಇಡದೆ ಒಂದು ಬೋಗಿಯೊಳಗೇ ಸೇರಿಸಿದರು. ಹಾರ್ನ್‌ಬಿಯ ರಿಂಗ್‌ಫೀಲ್ಡ್ ಮೋಟಾರು, ಇಟಲಿಯ ಲಿಮಾ ಕಂಪನಿಯ ದೋಸೆಯಂತೆ ಚಪ್ಪಟೆಯಾದ ಮೋಟಾರು ಈ ಬಗೆಯವು. ಒಂದೇ ಬೋಗಿ ಎಳೆಯುತ್ತಿತ್ತು, ಇನ್ನೊಂದು ಸುಮ್ಮನೆ ಉರುಳುತ್ತಿತ್ತು. ಹಿಡಿತಕ್ಕಾಗಿ ಚಕ್ರಗಳಿಗೆ ರಬ್ಬರ್ ಪಟ್ಟಿ ತೊಡಿಸುತ್ತಿದ್ದರು. ರಬ್ಬರ್ ತೊಟ್ಟ ಚಕ್ರ ವಿದ್ಯುತ್ತನ್ನು ಹೀರುವುದಿಲ್ಲವಾದ್ದರಿಂದ ಹಳಿ ತುಸು ಕೊಳೆಯಾದರೂ ಎಂಜಿನ್ ತಡವರಿಸುತ್ತಿತ್ತು. ಖರ್ಚು ಮಾತ್ರ ಕಡಿಮೆ, ಮತ್ತು ಮೋಟಾರು ಬೋಗಿಯನ್ನು ಇಡಿಯಾಗಿ ಬದಲಿಸುವುದು ಸುಲಭ.

ಲಿಮಾದ ಆಸ್ತಿ 2004ರಲ್ಲಿ ಹಾರ್ನ್‌ಬಿಯ ಕೈಸೇರಿತು. ಹಳೆಯ ಮೋಟಾರುಗಳ ಭಾಗ ವಿರಳವಾದಾಗ ಹವ್ಯಾಸಿಗಳೇ ಉಪಾಯ ಕಂಡುಕೊಂಡರು: ಸಿಡಿ ಪ್ಲೇಯರುಗಳಲ್ಲಿ ಬಳಸುವ ಪುಟ್ಟ ಮೋಟಾರನ್ನು ಲಿಮಾದ ಬೋಗಿಗೆ ಅಳವಡಿಸಿದರು. ಎಂಜಿನ್ ಮೊದಲಿಗಿಂತ ನುಣುಪಾಗಿ ಓಡಿತು. ಜರ್ಮನಿಯ ಮಾರ್ಕ್ಲಿನ್‌ನದು ಇನ್ನೊಂದು ಸಂಪ್ರದಾಯ. ಎಂಜಿನ್ನಿನ ಜೊತೆ ಕೊಡುವ ಕೈಪಿಡಿಯಲ್ಲೇ ಪ್ರತಿಯೊಂದು ಭಾಗವನ್ನೂ ಬಿಡಿಸಿ ತೋರಿಸಿದ ಚಿತ್ರ, ಅದರ ಪಕ್ಕದಲ್ಲಿ ಭಾಗಸಂಖ್ಯೆ.

ನುಣುಪಾದ ಓಟ, ಸೀಳುವ ಗೇರು

1980ರ ದಶಕದಲ್ಲಿ ಜಪಾನಿನ ಕಾಟೊ ಕಂಪನಿ ಅಮೆರಿಕದ ಅಟ್ಲಾಸ್‌ಗಾಗಿ ಮಾಡಿಕೊಟ್ಟ ಡೀಸೆಲ್‌ಗಳು ಓಟದ ಮಟ್ಟವನ್ನು ಎತ್ತರಿಸಿದವು. ನಡುವಿನ ಮೋಟಾರು, ಅದರ ಇಬ್ಬದಿಗೆ ಫ್ಲೈವೀಲ್‌ಗಳು, ನಿಖರವಾದ ಗೇರುಗಳು: ಎಂಜಿನ್ ಸದ್ದಿಲ್ಲದೆ ತೆವಳುವಷ್ಟು ನಿಧಾನವಾಗಿ ಹೊರಡಬಲ್ಲದಾಯಿತು. ಅದೇ ದಶಕದಿಂದ ತಯಾರಿಕೆ ಚೀನಾದ ಕಡೆ ಸರಿಯತೊಡಗಿತು. ಹಾಂಗ್‌ಕಾಂಗಿನ ಕಾಡರ್ ಕಂಪನಿ 1987ರಲ್ಲಿ ಮಾದರಿ ರೈಲು ಕಂಪನಿ ಬ್ಯಾಕ್‌ಮನ್ನನ್ನು ಕೊಂಡಿತು. ಹಾರ್ನ್‌ಬಿ 1990ರ ದಶಕದಲ್ಲಿ ತನ್ನ ತಯಾರಿಕೆಯನ್ನು ಇಂಗ್ಲೆಂಡಿನ ಮಾರ್ಗೇಟಿನಿಂದ ಚೀನಾಕ್ಕೆ ಸಾಗಿಸಿತು. ಕಡಿಮೆ ಕೂಲಿಯಿಂದಾಗಿ ನೂರಾರು ಸೂಕ್ಷ್ಮ ಭಾಗಗಳನ್ನು ಕಾರ್ಖಾನೆಯಲ್ಲೇ ಕೈಯಿಂದ ಜೋಡಿಸುವುದು ಸಾಧ್ಯವಾಯಿತು. ನೋಟ ಹಿಂದೆಂದೂ ಇಲ್ಲದಷ್ಟು ಸೊಗಸಾಯಿತು.

ಬಾಳಿಕೆಯ ಸಮಸ್ಯೆ ಇನ್ನೊಂದು ರೂಪ ತಾಳಿತು. ಪ್ರತಿ ಆಕ್ಸಲ್ಲಿನ ನಡುವೆ ಪ್ಲಾಸ್ಟಿಕ್ ಗೇರು ಇದ್ದು, ಅದರ ಎರಡು ಬದಿಗೂ ಅರ್ಧ ಆಕ್ಸಲ್‌ಗಳನ್ನು ಬಿಗಿಯಾಗಿ ತುರುಕಲಾಗಿರುತ್ತದೆ. ಎಡ-ಬಲ ಚಕ್ರಗಳ ನಡುವೆ ವಿದ್ಯುತ್ ಹಾಯದಂತೆ ತಡೆಯಲು ಇದು ಸರಳ ಉಪಾಯ. ಆದರೆ ಬಿಗಿತ ಹೆಚ್ಚಾದರೆ ಗೇರು ಸದಾ ಒತ್ತಡದಲ್ಲಿರುತ್ತದೆ, ಕೆಲವು ವರ್ಷಗಳಲ್ಲಿ ಸೀಳುತ್ತದೆ. ಸೀಳಿದ ಕಡೆ ಹಲ್ಲುಗಳ ಅಂತರ ಹೆಚ್ಚಿ, ಎಂಜಿನ್ ಪ್ರತಿ ಸುತ್ತಿಗೂ ಟಕ್ ಟಕ್ ಎಂದು ಕುಂಟುತ್ತದೆ. ಲೈಫ್-ಲೈಕ್ ಕಂಪನಿಯ ಪ್ರೊಟೊ 2000 ಸರಣಿಯ ಎಂಜಿನ್ನುಗಳಲ್ಲಿ ಇದು ವ್ಯಾಪಕವಾಗಿ ಕಂಡಿತು. ನೆರವಿಗೆ ಬಂದದ್ದು ಪ್ರತಿಸ್ಪರ್ಧಿಯ ಭಾಗ: ಅಥರ್ನ್‌ನ ಆಕ್ಸಲ್ ಗೇರು ಅವುಗಳಿಗೂ ಒಗ್ಗುತ್ತಿತ್ತು. ಅಗ್ಗದ ಭಾಗವೊಂದು ಅನೇಕ ಸೊಗಸಾದ ಎಂಜಿನ್ನುಗಳನ್ನು ಮತ್ತೆ ಹಳಿಗೆ ತಂದಿತು.

ಮಾನಕಗಳ ಪಾತ್ರ

ತಯಾರಕ ಬದಲಾದರೂ ಭಾಗ ಒಗ್ಗಬೇಕಾದರೆ ಒಪ್ಪಿತ ಅಳತೆಗಳು ಬೇಕು. ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘ ಎನ್‌ಎಂಆರ್‌ಎ 1935ರಲ್ಲಿ ಮಿಲ್ವಾಕಿಯಲ್ಲಿ ಹುಟ್ಟಿತು; ಯುರೋಪಿನ ಒಕ್ಕೂಟ ಮೊರೊಪ್ 1954ರಲ್ಲಿ. ಚಕ್ರದ ಅಂಚು, ಹಳಿಯ ಅಂತರಗಳಿಗೆ ಇವು ಅಳತೆ ನಿಗದಿಪಡಿಸಿದವು; ಕೊಂಡಿ ಕೂರುವ ಗೂಡಿಗೂ ಮೊರೊಪ್ ಅಳತೆ ಕೊಟ್ಟಿತು. ಆ ಅಳತೆಯ ಗೂಡಿದ್ದರೆ ಮುರಿದ ಕೊಂಡಿಯನ್ನು ಕಿತ್ತು ಬೇರೆ ಕಂಪನಿಯದನ್ನು ತೂರಿಸುವುದು ಕ್ಷಣದ ಕೆಲಸ.

1990ರ ದಶಕದಲ್ಲಿ ಜರ್ಮನಿಯ ಲೆನ್ಜ್ ಕಂಪನಿಯ ತಂತ್ರವನ್ನು ಆಧರಿಸಿ ಎನ್‌ಎಂಆರ್‌ಎ ಡಿಸಿಸಿ ಎಂಬ ಡಿಜಿಟಲ್ ನಿಯಂತ್ರಣ ಮಾನಕವನ್ನು ಅಂಗೀಕರಿಸಿತು. ಈ ವ್ಯವಸ್ಥೆಯಲ್ಲಿ ಓಡುವ ಪ್ರತಿ ಎಂಜಿನ್ನಿನೊಳಗೆ ಡಿಕೋಡರ್ ಎಂಬ ಪುಟ್ಟ ಬಿಲ್ಲೆ ಸೇರಿತು. ಅದಕ್ಕಾಗಿ 8 ಪಿನ್ನಿನ, ಮುಂದೆ 21 ಪಿನ್ನಿನ ಮತ್ತು ನೆಕ್ಸ್ಟ್18 ಎಂಬ ಮಾನಕ ಸಾಕೆಟ್ಟುಗಳು ಬಂದವು. ಸುಟ್ಟ ಡಿಕೋಡರನ್ನು ಕಿತ್ತು, ಯಾವ ಕಂಪನಿಯದನ್ನಾದರೂ ಕೂರಿಸಬಹುದು. ಹಳೆಯ ಎಂಜಿನ್ನುಗಳಲ್ಲಿ ಮೋಟಾರಿನ ಒಂದು ತುದಿ ನೇರವಾಗಿ ಚಾಸಿಗೆ ತಗಲುತ್ತಿದ್ದುದರಿಂದ, ಡಿಕೋಡರ್ ಹಾಕುವ ಮೊದಲು ಅದನ್ನು ಬೇರ್ಪಡಿಸಲೇಬೇಕು.

ಇಂದಿನ ಸ್ಥಿತಿ

21ನೆಯ ಶತಮಾನದಲ್ಲಿ ಮಾದರಿ ಡೀಸೆಲ್‌ಗಳು ಸಣ್ಣ ಸಣ್ಣ ಕಂತುಗಳಲ್ಲಿ ತಯಾರಾಗುತ್ತವೆ. ಮುಂಗಡ ಬೇಡಿಕೆಯಷ್ಟು ಮಾಡಿ ಮುಗಿಸಿದ ಮೇಲೆ ಕಾರ್ಖಾನೆ ಬೇರೆ ಮಾದರಿಗೆ ತಿರುಗುತ್ತದೆ. ಆ ಕಂತಿನ ಜೊತೆ ಬಿಡಿಭಾಗಗಳನ್ನೂ ಮಾಡಿಸಿಡದಿದ್ದರೆ ಆಮೇಲೆ ಸಿಗುವುದು ಕಷ್ಟ. ದೀಪ, ಧ್ವನಿವರ್ಧಕ, ತಂತಿಗಳು ಒತ್ತೊತ್ತಾಗಿ ತುಂಬಿದ ಒಡಲನ್ನು ಬಿಚ್ಚುವಾಗಲೇ ಅಂಟಿಸಿದ ತೆಳು ಭಾಗಗಳು ಮುರಿಯುತ್ತವೆ. ಈ ಕೊರತೆಯನ್ನು ಎರಡು ಮೂಲಗಳು ತುಂಬುತ್ತಿವೆ. ಕೆಟ್ಟ ಎಂಜಿನ್ನುಗಳನ್ನು ಬಿಚ್ಚಿ ಭಾಗಗಳನ್ನು ಬಿಡಿಯಾಗಿ ಮಾರುವ ವ್ಯಾಪಾರಿಗಳು ಒಂದು. ಗೇರು, ಬೋಗಿಯ ಪಕ್ಕದ ಚೌಕಟ್ಟು, ಇಡೀ ಚಾಸಿಯನ್ನೂ ರಾಳದಲ್ಲಿ ಮುದ್ರಿಸಿಕೊಡುವ 3ಡಿ ಮುದ್ರಣ ಇನ್ನೊಂದು. ಮೂಲ ಅಚ್ಚು ಕಳೆದುಹೋದ ಎಂಜಿನ್ನಿನ ಭಾಗವನ್ನೂ ಈಗ ಅಳತೆ ತೆಗೆದು ಮರುಸೃಷ್ಟಿಸಬಹುದು. ಚಾಸಿ ಪುಡಿಯಾದ, ಗೇರು ಸೀಳಿದ ಎಂಜಿನ್ನುಗಳು ಈ ದಾರಿಯಲ್ಲಿ ಮತ್ತೆ ಓಡಲು ತೊಡಗಿವೆ.